ಧನುರ್ವಾಯುವಿನಿಂದ ಉಳಿದ ಮಗುವಿಗೆ ವ್ಯಾಯಾಮ ಚಿಕಿತ್ಸೆ



ಧನುರ್ವಾಯುವಿನ ಹೆಸರು ನಿಮಗೆ ಹೊಸದಲ್ಲ. ರೋಗಿಯ ಬೆನ್ನು ಬಿಲ್ಲಿನಂತೆ ಬಾಗುವುದರಿಂದ ಆ ಹೆಸರು ಬಂದಿದೆ. ಮಣ್ಣು, ಸಗಣಿಗಳಲ್ಲಿರುವ ರೋಗಾಣು ಗಾಯದೊಳಗೆ ಸೇರಿ ವಿಷವನ್ನು ಉತ್ಪಾದಿಸುತ್ತದೆ. ಆ ವಿಷವು ನರಗಳನ್ನು ಹಿಡಿದು ಸ್ನಾಯುಗಳನ್ನು ಬಿಗಿಯುತ್ತದೆ. ಇಷ್ಟನ್ನು ಅನೇಕರು ಬಲ್ಲರು. ಮಗುವಿನ ಪ್ರಾಣ ಉಳಿದ ಮೇಲೆ ಮಾಡಬೇಕಾದುದೇನೆಂಬುದನ್ನು ಬಲ್ಲವರು ವಿರಳ.

ನಾನು ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯನಾಗಿದ್ದಾಗ ಏಳು ವರ್ಷದ ಬಾಲಕನೊಬ್ಬ ದಾಖಲಾಗಿದ್ದ. ಕಾಲಿಗೆ ಮುಳ್ಳಾಗಲಿ ಮೊಳೆಯಾಗಲಿ ಚುಚ್ಚಿರಲಿಲ್ಲ. ಬಹುಕಾಲದಿಂದ ಸೋರುತ್ತಿದ್ದ ಕಿವಿಯೇ ರೋಗಕ್ಕೆ ದಾರಿಯಾಗಿತ್ತು. ಮೊದಲ ವಾರಗಳಲ್ಲಿ ಅವನನ್ನು ಮುಟ್ಟುವುದೂ ಕಷ್ಟ. ಬಾಗಿಲ ಸದ್ದಿಗೆ, ದೀಪದ ಬೆಳಕಿಗೆ ಸೆಳೆತ ಬರುತ್ತಿತ್ತು. ಆಗ ವ್ಯಾಯಾಮ ಮಾಡಿಸಬಾರದು. ಸೆಳೆತ ತಗ್ಗಿಸುವ ಔಷಧಿಯ ಪ್ರಭಾವವಿರುವಾಗ ಮಾತ್ರ ದಾದಿಯರು ಮೆಲ್ಲನೆ ಮಗ್ಗುಲು ಬದಲಿಸಿ, ಎದೆಯ ಕಫ ಹೊರಬರುವಂತೆ ನೋಡಿಕೊಳ್ಳುತ್ತಿದ್ದರು. ಹಾಗೆ ಮಾಡದಿದ್ದರೆ ನ್ಯುಮೋನಿಯಾ ಆಗುವ, ಬೆನ್ನಿನಲ್ಲಿ ಹುಣ್ಣು ಬೀಳುವ ಭಯವುಂಟು.

ಬಾಲಕ ಗುಣಹೊಂದಿದ. ಬಿಡುಗಡೆಯ ಚೀಟಿ ಬರೆದವನು ನಾನೇ. ಜೊತೆಗೆ ಹೇಳಬೇಕಿದ್ದ ನಾಲ್ಕು ಮಾತನ್ನು ಹೇಳಲಿಲ್ಲ. ಮೈ ಬಿಗಿತ ಹೋಗಲೆಂದು ಮನೆಯವರು ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿದರು. ಹತ್ತು ದಿನದಲ್ಲಿ ಅವನು ಬೆನ್ನುನೋವಿನಿಂದ ಅಳುತ್ತಾ ಹಿಂದಿರುಗಿದ. ಕ್ಷ-ಕಿರಣದಲ್ಲಿ ನೋಡಿದರೆ ಬೆನ್ನುಮೂಳೆಯ ಒಂದು ಕಶೇರು ಕುಸಿದಿತ್ತು. ತಿಕ್ಕಿದ್ದರಿಂದಲ್ಲ, ಸೆಳೆತದ ದಿನಗಳಲ್ಲೇ ಕುಸಿದಿರಬೇಕು. ತಿಕ್ಕಿದ್ದರಿಂದ ನೋವು ಇಮ್ಮಡಿಸಿತ್ತು. ಆ ತಂದೆಯನ್ನು ದೂರಲು ನನಗೆ ಬಾಯಿರಲಿಲ್ಲ.

ಆದುದರಿಂದ ಈಗ ಹೇಳುತ್ತೇನೆ. ವಿಷ ಹಿಡಿದ ನರದ ತುದಿಗಳು ಹೊಸದಾಗಿ ಬೆಳೆಯಬೇಕು; ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಕೀಲುಗಳು ಮಡಿಸಿದಂತೆಯೇ ನಿಂತುಬಿಡದಿರಲೆಂದು ವ್ಯಾಯಾಮ. ಸೆಳೆತ ಪೂರ್ಣವಾಗಿ ನಿಂತು, ವೈದ್ಯರು ಒಪ್ಪಿದ ಮೇಲೆ, ದಿನಕ್ಕೆ ಎರಡು ಮೂರು ಬಾರಿ ಮಗುವಿನ ಭುಜ, ಮೊಣಕೈ, ಮೊಣಕಾಲುಗಳನ್ನು ನಿಧಾನವಾಗಿ ಮಡಿಸಿ ಬಿಡಿಸಿರಿ. ಪಾದವನ್ನು ಮೇಲಕ್ಕೆ ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ, ಏಕೆಂದರೆ ಮೀನಖಂಡ ಬಿಗಿದರೆ ಮಗು ತುದಿಗಾಲಲ್ಲೇ ನಡೆಯುತ್ತದೆ. ಬಾಯಿ ತೆರೆಯುವುದನ್ನೂ ಅಭ್ಯಾಸ ಮಾಡಿಸಿರಿ. ಗಂಜಿಯಿಂದ ಮೆತ್ತನೆಯ ಅನ್ನಕ್ಕೆ, ಅನ್ನದಿಂದ ರೊಟ್ಟಿಗೆ ಬರಲಿ. ನೋವೆಂದು ಮಗು ಹೇಳಿದೊಡನೆ ನಿಲ್ಲಿಸಿರಿ. ಬೆನ್ನು ನೋಯುತ್ತಿದ್ದರೆ ವ್ಯಾಯಾಮ ಬೇಡ, ಆಸ್ಪತ್ರೆಗೆ ಕರೆತನ್ನಿ. ಮೊದಲು ಕೂರುವುದು, ಬಳಿಕ ಗೋಡೆ ಹಿಡಿದು ನಿಲ್ಲುವುದು, ಆಮೇಲೆ ನಡಿಗೆ. ಈ ಕೆಲಸವನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸದೆ, ಹೊಲದಿಂದ ಬಂದ ತಂದೆಯೂ ಸಂಜೆಯ ಸರದಿಯನ್ನು ವಹಿಸಿಕೊಳ್ಳತಕ್ಕದ್ದು.

ಇನ್ನೊಂದು ಮಾತು. ಧನುರ್ವಾಯು ಒಮ್ಮೆ ಬಂದರೆ ಮತ್ತೆ ಬಾರದೆಂಬುದು ತಪ್ಪು. ಈ ರೋಗವು ರಕ್ಷಣಾ ಶಕ್ತಿಯನ್ನು ಕೊಡುವುದಿಲ್ಲ. ಗುಣವಾದ ಮಗುವಿಗೂ ಚುಚ್ಚುಮದ್ದು ಬೇಕೇ ಬೇಕು. ಮುಂದಿನ ಸೂಜಿಯ ದಿನಾಂಕವನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿರಿ.

ಆ ಬಾಲಕ ಎರಡನೆಯ ಸೂಜಿಗೆ ತಂದೆಯ ಕೈ ಹಿಡಿದು ಬಂದ. ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು.