ಗಿಳಿಯೊಳಗಿನ ಪ್ರಾಣ



ಒಬ್ಬ ಮಾಂತ್ರಿಕನಿದ್ದಾನೆ. ಕತ್ತಿಯಿಂದ ಕಡಿದರೂ ಅವನು ಸಾಯುವುದಿಲ್ಲ. ಏಕೆಂದರೆ ಅವನ ಪ್ರಾಣ ಅವನ ದೇಹದಲ್ಲಿಲ್ಲ. ಏಳು ಸಮುದ್ರಗಳ ಆಚೆ ಒಂದು ಗಿಳಿಯಲ್ಲಿದೆ. ಈ ಕಥೆಯನ್ನು ನೀವು ಎಲ್ಲಿ ಕೇಳಿದ್ದೀರಿ? ಸಿರುಗುಪ್ಪ, ಕುರುಗೋಡುಗಳ ಕಡೆಯವರಾದರೆ ಅಜ್ಜಿಯ ಬಾಯಿಂದ ಕೇಳಿರಬಹುದು. ಇಂಗ್ಲಿಷ್ ಪುಸ್ತಕ ಓದುವವರಾದರೆ 'ಇದು ಹ್ಯಾರಿ ಪಾಟರ್ ಕಥೆಯಲ್ಲವೇ?' ಎಂದು ಕೇಳಬಹುದು. ಆ ಮಾಲೆಯ ದುಷ್ಟ ಮಾಂತ್ರಿಕನೂ ತನ್ನ ಆತ್ಮವನ್ನು ತುಂಡು ಮಾಡಿ ಬೇರೆ ಬೇರೆ ವಸ್ತುಗಳಲ್ಲಿ ಬಚ್ಚಿಟ್ಟಿದ್ದಾನೆ. ಇಬ್ಬರ ಉತ್ತರವೂ ಸರಿ. ಅದು ಹೇಗೆ ಎಂಬುದೇ ಇಂದಿನ ನಮ್ಮ ವಿಷಯ.

ಗಿಳಿಯ ಕಥೆ ನಮ್ಮ ಗಡಿನಾಡಿನಲ್ಲಿ ಪ್ರಸಿದ್ಧವಾದ ಬಾಲನಾಗಮ್ಮನ ಕಥೆ. ಮಾಂತ್ರಿಕನು ಬಾಲನಾಗಮ್ಮನನ್ನು ನಾಯಿಯಾಗಿ ಮಾಡಿ ಹೊತ್ತೊಯ್ಯುತ್ತಾನೆ. ಬಿಡಿಸಲು ಹೋದ ಗಂಡ ಕಲ್ಲಾಗುತ್ತಾನೆ. ಕೊನೆಗೆ ಹೊರಡುವವನು ಅವಳ ಮಗ, ಇನ್ನೂ ಹುಡುಗನಾದ ಬಾಲವರ್ಧಿ. ಅವನು ಹೂವಾಡಗಿತ್ತಿಯ ಮೊಮ್ಮಗನ ವೇಷದಲ್ಲಿ ಒಳಹೊಕ್ಕು, ಪ್ರಾಣದ ಗುಟ್ಟು ತಿಳಿದು, ಗಿಳಿಯನ್ನು ಹಿಡಿದು ತರುತ್ತಾನೆ. 1942ರಲ್ಲಿ ಮದರಾಸಿನ ಜೆಮಿನಿ ಸಂಸ್ಥೆ ಇದನ್ನು ತೆಲುಗಿನಲ್ಲಿ ಚಲನಚಿತ್ರ ಮಾಡಿತು. ನಮ್ಮ ಜಿಲ್ಲೆಯಲ್ಲಿ ಇದನ್ನು ಹಾಡಿದವರಲ್ಲಿ ಹೆಸರಾದವರು ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ.

ಈಗ ಸ್ವಲ್ಪ ದೂರ ಹೋಗೋಣ. ರಷ್ಯಾದ ಕೊಶ್ಚೇಯ್ ಎಂಬ ಸಾವಿಲ್ಲದವನ ಪ್ರಾಣ ಸೂಜಿಯ ಮೊನೆಯಲ್ಲಿದೆ. ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ. ನಾರ್ವೆಯ ದೈತ್ಯನಂತೂ ತನ್ನ ಹೃದಯ ಹೊಸಿಲ ಕೆಳಗಿದೆ ಎಂದು ಸುಳ್ಳು ಹೇಳುತ್ತಾನೆ. ಸೆರೆಯಲ್ಲಿದ್ದ ರಾಜಕುಮಾರಿ ಆ ಹೊಸಿಲಿಗೆ ಹೂ ಚೆಲ್ಲಿ ಪ್ರೀತಿ ನಟಿಸಿ, ಕೊನೆಗೆ ನಿಜ ಹೊರಡಿಸುತ್ತಾಳೆ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಈಜಿಪ್ಟಿನ ಒಂದು ಕಥೆಯಲ್ಲಿ ತಮ್ಮನೊಬ್ಬ ತನ್ನ ಹೃದಯವನ್ನು ಮರದ ಹೂವಿನ ಮೇಲೆ ಇಡುತ್ತಾನೆ. ಜಾನಪದ ವಿದ್ವಾಂಸರು ಇಂತಹ ಕಥೆಗಳಿಗೆ ಸಸ್ಯಗಳಿಗೆ ಕೊಡುವಂತೆ ವರ್ಗೀಕರಣ ಮಾಡಿ ಸಂಖ್ಯೆ ಕೊಟ್ಟಿದ್ದಾರೆ. ದೇಹದ ಹೊರಗೆ ಪ್ರಾಣವಿಟ್ಟ ರಾಕ್ಷಸನ ಕಥೆಗೆ ಅವರ ಪಟ್ಟಿಯಲ್ಲಿ 302ನೆಯ ಸಂಖ್ಯೆ.

ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಬರೆದ ಅದ್ಭುತರಮ್ಯ ಕಾದಂಬರಿಗಳು ಇಂದು ಜಗತ್ತಿನಾದ್ಯಂತ ಮಾರಾಟವಾಗುತ್ತಿವೆ. ಅವುಗಳ ಬೇರು ಇಂತಹ ಕಥೆಗಳಲ್ಲಿದೆ. ಅಮೆರಿಕದ ಲಾಯ್ಡ್ ಅಲೆಕ್ಸಾಂಡರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕನಾಗಿ ವೇಲ್ಸ್ ದೇಶದಲ್ಲಿದ್ದವರು. ಅಲ್ಲಿನ ಪುರಾಣಗಳ ಗುಂಗಿನಲ್ಲಿ 1964ರಿಂದ 1968ರವರೆಗೆ ಐದು ಕಾದಂಬರಿ ಬರೆದರು. ಅವುಗಳಲ್ಲಿ ಒಂದರಲ್ಲಿ ಮಾಂತ್ರಿಕನು ಕತ್ತರಿಸಿದ ತನ್ನ ಕಿರುಬೆರಳ ಮೂಳೆಯಲ್ಲಿ ಪ್ರಾಣವಿಟ್ಟಿದ್ದಾನೆ. ನಮ್ಮ ಗಿಳಿಯ ದೂರದ ನೆಂಟನೇ ಅದು!

ಆದರೆ ಹಳೆಯ ಕಥೆಯನ್ನು ಎತ್ತಿಕೊಂಡ ಮಾತ್ರಕ್ಕೆ ಕಾದಂಬರಿಯಾಗುವುದಿಲ್ಲ. ರಿಕ್ ರಿಯೊರ್ಡನ್ ಎಂಬ ಶಾಲಾ ಉಪಾಧ್ಯಾಯರ ಉದಾಹರಣೆ ನೋಡಿ. ಅವರ ಮಗನಿಗೆ ಅಕ್ಷರಗಳನ್ನು ಓದುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಇತ್ತು. ರಾತ್ರಿ ಮಲಗುವಾಗ ಅವನಿಗೆ ಗ್ರೀಕ್ ಪುರಾಣ ಹೇಳುತ್ತಿದ್ದರು. ಪುರಾಣಗಳು ಮುಗಿದಾಗ, ಅದೇ ತೊಂದರೆಯಿರುವ ಪರ್ಸಿ ಎಂಬ ಹುಡುಗನನ್ನು ಸೃಷ್ಟಿಸಿ ಅವನೇ ದೇವರ ಮಗನೆಂದರು. 2005ರಲ್ಲಿ ಅದು ಪುಸ್ತಕವಾಯಿತು. ತರಗತಿಯಲ್ಲಿ ಕೊರತೆ ಎನಿಸಿದ್ದೇ ಕಥೆಯಲ್ಲಿ ವೀರನ ಗುರುತಾಯಿತು. ಬೆಂಗಳೂರಿನ ಲೇಖಕಿ ರೂಪಾ ಪೈ ಅವರೂ 2009ರಿಂದ 'ತಾರಾನಾಟ್ಸ್' ಎಂಬ ಮಾಲೆಯನ್ನು ಭಾರತದ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದರು.

ಹಾಗಾದರೆ ಬಾಲವರ್ಧಿ ಬಳ್ಳಾರಿಯ ಒಂದು ಶಾಲೆಯಲ್ಲಿ ಆರನೆಯ ತರಗತಿಯಲ್ಲಿದ್ದರೆ ಹೇಗಿರುತ್ತಾನೆ? ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡರಲ್ಲೂ ತಪ್ಪು ಮಾತನಾಡುತ್ತಾನೆಂದು ನಗೆಗೀಡಾಗುವ ಹುಡುಗನಿರಬಹುದು. ಆ ಎರಡು ಭಾಷೆ ಬಲ್ಲವನಿಗೇ ಗಿಳಿಯ ಮಾತು ತಿಳಿಯುವಂತಾದರೆ? ಗಮನಿಸಿ, ಈ ಕಥೆಯಲ್ಲಿ ತಂದೆಯ ಕತ್ತಿ ಸೋಲುತ್ತದೆ. ಕೇಳಿ ತಿಳಿದುಕೊಳ್ಳುವ ಮಗು ಗೆಲ್ಲುತ್ತದೆ. ಮಕ್ಕಳ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಬೇಕೇ?

ಚೌಕಟ್ಟು ಸಿಗಬೇಕಾದರೆ ಮೊದಲು ಯಾರಾದರೂ ಕಥೆಯನ್ನು ಬರೆದಿಟ್ಟಿರಬೇಕು. ಈರಮ್ಮನವರು ಬುಡ್ಗ ಜಂಗಮ ಸಮುದಾಯದವರು. ಓದು ಬರಹ ಕಲಿತವರಲ್ಲ. ಆದರೂ ಹನ್ನೆರಡು ಕಾವ್ಯಗಳು ಅವರ ನೆನಪಿನಲ್ಲಿದ್ದವೆಂದು ಲೆಕ್ಕ ಹಾಕಲಾಗಿದೆ. 1999ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿತು. 2014ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ವಿದ್ವಾಂಸರು ಅವರ ಕಾವ್ಯಗಳನ್ನು ಕೇಳಿ ಬರೆದುಕೊಂಡಿದ್ದರು. ಅದು ನಮ್ಮ ಪುಣ್ಯ.

ಎಲ್ಲ ಕಥೆಗಳಿಗೂ ಆ ಪುಣ್ಯವಿಲ್ಲ. ಅದಕ್ಕೆ ನಾನೇ ಸಾಕ್ಷಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಈ ಕೆಲಸಕ್ಕೆ ಹೊಸಬನಾಗಿದ್ದಾಗ, ಕುರುಗೋಡಿನ ಹತ್ತಿರದ ಒಂದು ಹಳ್ಳಿಯಲ್ಲಿ ವೃದ್ಧೆಯೊಬ್ಬರ ಕಥೆಯನ್ನು ಚಿತ್ರೀಕರಿಸಿದೆ. ಅವರ ಕಥೆಯಲ್ಲಿ ಪ್ರಾಣವಿದ್ದುದು ಗಿಳಿಯಲ್ಲಲ್ಲ, ದುಂಬಿಯಲ್ಲಿ. ನನಗೆ ಬೇಕಾಗಿದ್ದುದು ಐದು ನಿಮಿಷ. ಕತ್ತಲಾಗುತ್ತಿದ್ದಂತೆ 'ಸಾಕಮ್ಮಾ' ಎಂದೆ. ಅವರು ಆಶ್ಚರ್ಯದಿಂದ, "ಅಲ್ಲಿಗೇ ನಿಲ್ಸಿದ್ರ ಹೆಂಗಪ್ಪಾ? ಹುಡುಗ ಇನ್ನಾ ಹೊಳಿ ದಾಟಿಲ್ಲಲ್ಲ!" ಎಂದರು. ಆದರೂ ದೀಪಗಳನ್ನು ಆರಿಸಿ ಹೊರಟುಬಿಟ್ಟೆವು. ಐದು ನಿಮಿಷ ಪ್ರಸಾರವಾಯಿತು. ಉಳಿದ ಟೇಪನ್ನು ನಾನು ಎತ್ತಿಡಲಿಲ್ಲ. ಅದರ ಮೇಲೆ ಬೇರೆ ಕಾರ್ಯಕ್ರಮ ಚಿತ್ರಿತವಾಯಿತು. ಕೆಲವು ವರ್ಷಗಳ ನಂತರ ಆ ಊರಿಗೆ ಹೋದಾಗ ಅವರಿರಲಿಲ್ಲ. ಆ ದುಂಬಿಯನ್ನು ಹುಡುಗ ಹೇಗೆ ಹಿಡಿದನೆಂದು ಅಲ್ಲಿ ನಾನು ಕೇಳಿದವರಾರಿಗೂ ಗೊತ್ತಿರಲಿಲ್ಲ.

ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದ ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಎಲ್ಲಿ, ಯಾವಾಗ ಕಿತ್ತದ್ದು ಎಂದು ಬರೆಯದ ಗಿಡ ಬರೀ ಒಣಹುಲ್ಲು. ಕಥೆಗೂ ಇದೇ ನಿಯಮ. ಈ ರಜೆಯಲ್ಲಿ ನಿಮ್ಮ ಮನೆಯ, ಓಣಿಯ ಹಿರಿಯರೊಬ್ಬರ ಮುಂದೆ ಕುಳಿತು ಒಂದು ಕಥೆ ಕೇಳಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಹೇಳಿದವರ ಹೆಸರು, ಊರು, ದಿನಾಂಕ ಬರೆಯಿರಿ. ಅವರಾಡಿದ ಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ. ಮುಖ್ಯವಾಗಿ, ಕಥೆ ಮುಗಿಯುವವರೆಗೂ ಏಳಬೇಡಿ.

ಆಮೇಲೆ ಆ ಕಥೆಯಿಂದ ನಿಮ್ಮ ಕಾದಂಬರಿಯನ್ನು ಬರೆಯಿರಿ. ಅದರಲ್ಲಿ ಗಿಳಿ ವಿಮಾನವಾಗಲಿ, ಸಮುದ್ರ ತುಂಗಭದ್ರೆಯ ಕಾಲುವೆಯಾಗಲಿ, ಬಾಲವರ್ಧಿ ಹುಡುಗಿಯಾಗಲಿ, ಅದು ನಿಮ್ಮ ಸ್ವಾತಂತ್ರ್ಯ. ನಾನು ಬಿಟ್ಟುಬಂದ ಹುಡುಗ ಮಾತ್ರ ಹೊಳೆಯ ಈಚೆ ದಡದಲ್ಲೇ ನಿಂತಿದ್ದಾನೆ. ನಿಮ್ಮ ಹುಡುಗನನ್ನಾದರೂ ದಾಟಿಸಿರಿ.