ವಿಹಂಗಮ ನೋಟ



‘ವಿಹಂಗಮ ನೋಟ’ ಎಂಬ ಮಾತನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಬಳಸಿದ್ದೇನೆ. ಹಕ್ಕಿಯ ಆ ನೋಟವನ್ನು ಕ್ಯಾಮೆರಾದಲ್ಲಿ ಹಿಡಿದ ಮೊದಲಿಗ ಫ್ರಾನ್ಸಿನ ನಾದಾರ್. 1858ರಲ್ಲಿ ಆತ ಬಲೂನನ್ನೇರಿದ. ಆಗಿನ ಗಾಜಿನ ಫಲಕಕ್ಕೆ ದ್ರಾವಣ ಬಳಿದು, ಅದು ಆರುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಆದ್ದರಿಂದ ಬಲೂನಿನ ಬುಟ್ಟಿಯೇ ಕತ್ತಲೆಕೋಣೆಯಾಯಿತು. ಬಲೂನಿನಿಂದ ಹೊರಬಿದ್ದ ಅನಿಲ ತಗಲಿ ಫಲಕಗಳು ಕೆಡುತ್ತಿದ್ದುವು. ಆತನ ಆ ಮೊದಲ ಚಿತ್ರಗಳು ಉಳಿದಿಲ್ಲ. ಉಳಿದವುಗಳಲ್ಲಿ ಅತ್ಯಂತ ಹಳೆಯದು 1860ರಲ್ಲಿ ಬ್ಲ್ಯಾಕ್ ಎಂಬಾತ ತೆಗೆದ ಬಾಸ್ಟನ್ ನಗರದ ಚಿತ್ರ. ಮುಂದೆ ಜರ್ಮನಿಯ ಔಷಧ ವ್ಯಾಪಾರಿ ನಾಯ್‌ಬ್ರೋನರ್ ಪಾರಿವಾಳದ ಎದೆಗೇ ಪುಟ್ಟ ಕ್ಯಾಮೆರಾ ಕಟ್ಟಿ, 1908ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ವಿಹಂಗಮ ನೋಟ ಅಕ್ಷರಶಃ ನಿಜವಾಯಿತು!

ಈ ಕಥೆ ಇಂದು ನಮ್ಮ ಚಿತ್ರದುರ್ಗ ಜಿಲ್ಲೆಗೂ ಬಂದಿದೆ. ಚಳ್ಳಕೆರೆಯ ಬಳಿ 2017ರಲ್ಲಿ ಉದ್ಘಾಟನೆಗೊಂಡ ಕೇಂದ್ರದಲ್ಲಿ ಮಾನವರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಅವುಗಳ ಕಣ್ಣೂ ಕ್ಯಾಮೆರಾವೇ. ಮೇಲಿನಿಂದ ಆ ಬಯಲು ಬರಿದಾಗಿ ಕಂಡೀತು. ಆದರೆ ಅದು ಅಮೃತಮಹಲ್ ಕಾವಲು. ಸುತ್ತಣ ಹಳ್ಳಿಗಳ ದನಕುರಿಗಳು ಮೇಯ್ದ ನೆಲ. ಅಲ್ಲಿ ಗೋಡೆ ಎದ್ದಾಗ ಹಳ್ಳಿಗರು ಪ್ರತಿಭಟಿಸಿದರು. ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ವಿಜ್ಞಾನದ ಸಾಧನೆಗೆ ನಾನು ತಲೆಬಾಗುತ್ತೇನೆ. ಆದರೆ ನೆಲದ ಆಕಾರವನ್ನು ತೋರಿಸುವ ಚಿತ್ರ ಆ ನೆಲದ ಋಣವನ್ನು ತೋರಿಸಲಾರದು. ಅದನ್ನು ಕುರಿಗಾಹಿಯನ್ನೇ ಕೇಳಿ ತಿಳಿಯಬೇಕು.