ಮಂಡಿಯ ಗಂಟು, ಕೇಳಿಸದ ದನಿ

ಮೊಣಕಾಲಿನ ಸುತ್ತ ಎದ್ದ ಗಂಟು ನೋಯದಿದ್ದರೆ ನಮ್ಮ ಜನ ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ನೋಯತೊಡಗಿದರೆ ‘ಕೊಯ್ದು ತೆಗೆದುಬಿಡಿ’ ಎಂದು ವೈದ್ಯರನ್ನು ಅವಸರಪಡಿಸುತ್ತಾರೆ. ಎರಡೂ ಅಪಾಯವೇ. ಹೊರಗೆ ಒಂದೇ ತೆರನಾಗಿ ಕಾಣುವ ಗಂಟುಗಳ ಒಳಗು ಒಂದೇ ಅಲ್ಲ.

ಮಂಡಿಚಿಪ್ಪಿನ ಮುಂದೆ ಉಬ್ಬುವುದು ಸಾಮಾನ್ಯವಾಗಿ ಒತ್ತಡ, ಉಜ್ಜಾಟಗಳಿಂದ ಊದಿದ ರಸಚೀಲ. ಮಂಡಿಯೂರಿ ದುಡಿಯುವವರಲ್ಲಿ ಹೆಚ್ಚು. ಹಿಂಬದಿಯ ಗುಣಿಯಲ್ಲಿ ಏಳುವುದು ಬಹುಮಟ್ಟಿಗೆ ಕೀಲಿನ ದ್ರವವೇ ಹಾದುಬಂದು ತುಂಬಿಕೊಂಡ ಚೀಲ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಮೊರಾಂಟ್ ಬೇಕರ್ 1877ರಲ್ಲಿ ಇದನ್ನು ವರ್ಣಿಸಿದ. ಡಬ್ಲಿನ್ನಿನ ರಾಬರ್ಟ್ ಆಡಮ್ಸ್ 1840ರಲ್ಲೇ ಬರೆದಿದ್ದರೂ ಹೆಸರು ಬೇಕರನಿಗೇ ಅಂಟಿತು. ಕೀರ್ತಿಯ ನಡೆ ವೈದ್ಯರಲ್ಲಿಯೂ ಕವಿಗಳಲ್ಲಿರುವಂತೆಯೇ!

ಅದೇ ಗುಣಿಯಲ್ಲಿ ಕಾಲಿಗೆ ನೆತ್ತರನ್ನೊಯ್ಯುವ ದೊಡ್ಡ ಅಪಧಮನಿಯೂ ಹರಿಯುತ್ತದೆ. ಅದು ಹಿಗ್ಗಿದರೂ ಗಂಟಾಗಿಯೇ ತೋರುತ್ತದೆ. 1785ರಲ್ಲಿ ಲಂಡನ್ನಿನ ಜಾನ್ ಹಂಟರ್ ಸಾರೋಟಿನವನೊಬ್ಬನ ಇಂಥ ಗಂಟಿಗೆ ಶಸ್ತ್ರಕ್ರಿಯೆ ಮಾಡಿದಾಗ, ಗಂಟನ್ನು ಮುಟ್ಟದೆ ತೊಡೆಯಲ್ಲಿಯೇ ನಾಳವನ್ನು ಕಟ್ಟಿ ಕಾಲನ್ನು ಉಳಿಸಿದ. ಇದನ್ನೇ ನೀರಿನ ಚೀಲವೆಂದು ಬಗೆದು ಕತ್ತಿಯಿಟ್ಟರೆ ಗತಿಯೇನು?

ಇಲ್ಲಿ ನೆರವಿಗೆ ಬರುವುದು ಅಲ್ಟ್ರಾಸೌಂಡ್. ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ದನಿ ನಮ್ಮ ಕಿವಿಗೆ ನಿಲುಕದು. ಮಂಡಿಯ ಪರೀಕ್ಷೆಗೆ ಸುಮಾರು ಒಂದು ಕೋಟಿ ಕಂಪನಗಳ ದನಿ ಬೇಕು. ಚರ್ಮಕ್ಕೆ ಲೋಳೆ ಸವರಿ ಉಪಕರಣವನ್ನು ಆನಿಸಿದರೆ ಒಳಗಿನ ಪದರಗಳಿಂದ ಮರುದನಿ ಮರಳಿ ಬಂದು ತೆರೆಯ ಮೇಲೆ ಚಿತ್ರವಾಗುತ್ತದೆ. ತಿಳಿದ್ರವದಿಂದ ಮರುದನಿಯಿಲ್ಲ, ಆದ್ದರಿಂದ ಅದು ಕಪ್ಪು. ಗಟ್ಟಿ ಗಂಟು ಬೂದುಬಣ್ಣಕ್ಕೆ ತಿರುಗುತ್ತದೆ. ಆದರೆ ಕಪ್ಪಾಗಿರುವುದೆಲ್ಲ ಬೇಕರನ ಚೀಲವಲ್ಲ. ಒಳಮಗ್ಗುಲಿನ ಎರಡು ಸ್ನಾಯುರಜ್ಜುಗಳ ನಡುವೆ ನುಸುಳಿ ಕೀಲಿನತ್ತ ಸಾಗುವ ಅದರ ಕಿರಿದಾದ ಕೊರಳು ಕಾಣಬೇಕು. ಅಪಧಮನಿಯೂ ಕಪ್ಪೇ, ಅದರಲ್ಲಿ ಹರಿವ ರಕ್ತವನ್ನು ಡಾಪ್ಲರ್ ವಿಧಾನ ಬಣ್ಣದಲ್ಲಿ ತೋರಿಸಿಕೊಡುತ್ತದೆ.

ಕೆಲವೊಮ್ಮೆ ಚೀಲ ಒಡೆದು ದ್ರವ ಮೀನಖಂಡಕ್ಕಿಳಿಯುತ್ತದೆ. ಕಾಲು ಊದಿ ಕೆಂಪೇರುತ್ತದೆ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಂತೆಯೇ. ಹೆಪ್ಪೆಂದು ನಂಬಿ ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಒಳಗೇ ರಕ್ತ ಸೋರಬಹುದು. ಹೆಪ್ಪು ನಿಜವಾಗಿದ್ದು ಔಷಧ ಕೊಡದಿದ್ದರೆ ಅದು ಶ್ವಾಸಕೋಶಕ್ಕೆ ಏರಬಹುದು. ಇವೆರಡನ್ನೂ ಅಲ್ಟ್ರಾಸೌಂಡಿನಿಂದ ಬೇರ್ಪಡಿಸಬಹುದೆಂದು 1972ರಲ್ಲೇ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಎರಡೂ ಒಟ್ಟಿಗೇ ಇರುವುದುಂಟು. ಒಂದು ಕಂಡಿತೆಂದು ಇನ್ನೊಂದನ್ನು ಹುಡುಕದೆ ಬಿಡಬಾರದು.

ಕೇಳುಗರು ಈ ದನಿಯನ್ನು ಸರ್ವಜ್ಞನೆಂದು ಭಾವಿಸಬಾರದು. ಎಲುಬಿನೊಳಕ್ಕೆ ಅದು ಹೊಗದು; ಅಲ್ಲಿ ಎಕ್ಸರೇ ಬೇಕು. ಗಟ್ಟಿ ಗಂಟು ಸಾಧುವೋ ಕ್ಯಾನ್ಸರೋ ಎಂಬುದನ್ನೂ ಅದೊಂದೇ ಹೇಳಲಾರದು. ಹರೆಯದವರ ಮಂಡಿಯ ಬಳಿ ಹುಟ್ಟಬಲ್ಲ ಸೈನೋವಿಯಲ್ ಸಾರ್ಕೋಮಾ ಎಂಬ ಕ್ಯಾನ್ಸರ್ ಒಮ್ಮೊಮ್ಮೆ ನೀರಿನ ಚೀಲದ ವೇಷದಲ್ಲಿ ಬರುತ್ತದೆ. ‘ಚೀಲ’ದ ಒಳಗೆ ಗಟ್ಟಿ ಭಾಗವೋ ರಕ್ತದ ಹರಿವೋ ಕಂಡರೆ ಎಂ.ಆರ್.ಐ. ಮಾಡಿಸಿ, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಬೇಕು. ಅದಕ್ಕೂ ಮುನ್ನ ಅವಸರದಲ್ಲಿ ಕೊಯ್ದರೆ ರೋಗದ ಕಣಗಳು ಸುತ್ತಲ ಮಾಂಸಕ್ಕೆ ಹರಡಿ, ಮುಂದೆ ಮಾಡುವ ಶಸ್ತ್ರಕ್ರಿಯೆ ಮತ್ತಷ್ಟು ದೊಡ್ಡದಾಗುತ್ತದೆ.